‘ಹೆಂಗೂ ಹೆಣೀತಾ ಇರ್ತೀಯಲ್ಲ, ನನಗೂ ಒಂದು’

ಡಿಸೆಂಬರ್ ಬಂತು ಅಂತ ತಿಳ್ಕೊಳ್ಳೋಕೆ ನನಗೆ ಕ್ಯಾಲೆಂಡರ್ ಬೇಕಾಗಲ್ಲ, ಯಾರಾದ್ರೂ ಒಬ್ರು ಬಂದು ಈ ಪ್ರಶ್ನೆ ಕೇಳೇ ಕೇಳ್ತಾರೆ. "ಹೆಂಗೂ ಹೆಣೀತಾ ಇರ್ತೀಯಲ್ಲ, ನನಗೂ ಒಂದು ಸ್ವೆಟರ್ ಮಾಡ್ಕೊಡು, ರಜಾ ತಾನೇ?" ನೆಂಟರು ಹೀಗೆ ಕೇಳ್ತಾರೆ, ಆಫೀಸಿನೋರು ಮೇಡಂ ಅಂತ ಸೇರಿಸಿ ಬಹುವಚನದಲ್ಲಿ ಕೇಳ್ತಾರೆ, ಪಕ್ಕದ ಮನೆಯೋರು ಕಾಂಪೌಂಡ್ ಆಚೆಯಿಂದ ಕೇಳ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಈ ಸಲ ಬರೆದಿಡ್ತಿದೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸೋದು.

ಉತ್ತರ: ಇಲ್ಲ. ಮಾಡ್ಕೊಡಲ್ಲ.

ಕೇಳೋದು ತಪ್ಪು ಅಂತ ಅಲ್ಲ. ಆ ‘ಹೆಂಗೂ’ ಇದೆಯಲ್ಲ, ಅದು ನನಗೆ ಆಗಲ್ಲ. ಹೆಂಗೂ ಆ ಕಡೆ ಹೋಗ್ತಿದೀಯಲ್ಲ, ಬರ್ತಾ ಒಂದು ಪೆನ್ನು ತಗೊಂಡ್ಬಾ ಅಂತೀವಲ್ಲ, ಆ ‘ಹೆಂಗೂ’ ಇದು. ಅಂದ್ರೆ ನನ್ನ ಕೈಯಿಂದ ಬಟ್ಟೆ ನಲ್ಲಿ ನೀರಿನ ಥರ ತಾನಾಗೇ ಸುರೀತಾ ಇದೆ, ಇನ್ನೊಂದು ಬಿಂದಿಗೆ ಹಿಡಿದ್ರೆ ಅದೂ ತುಂಬ್ಕೊಳ್ಳತ್ತೆ ಅಂತ ಅರ್ಥ. ಅದರ ಹಿಂದೇನೇ ಇನ್ನೊಂದು ಬರತ್ತೆ, "ಸಿಂಪಲ್ ಆಗಿರೋದೇ ಸಾಕು, ಡಿಸೈನ್ ಏನೂ ಬೇಡ". ನನಗೆ ಉಪಕಾರ ಮಾಡೋ ಥರ ಹೇಳ್ತಾರೆ! ಡಿಸೈನ್ ಇರೋ ಸ್ವೆಟರ್‌ನಲ್ಲಿ ಒಂದು ಕುಣಿಕೆ ಸಡಿಲ ಆದ್ರೆ ಯಾರಿಗೂ ಕಾಣಲ್ಲ, ಬರೀ ಪ್ಲೇನ್ ಇದ್ರೆ ನಾನು ಯಾವ ದಿನ ಸುಸ್ತಾಗಿದ್ದೆ, ಯಾವ ದಿನ ಸಿಟ್ಟಲ್ಲಿದ್ದೆ ಅನ್ನೋದು ಸಾಲು ಸಾಲಾಗಿ ಎದೆ ಮೇಲೆ ಕಾಣತ್ತೆ.

ಲೆಕ್ಕ ಹೇಳ್ಬಿಡ್ತೀನಿ, ಯಾಕಂದ್ರೆ ಲೆಕ್ಕ ಹೇಳೋ ತನಕ ಯಾರೂ ನಂಬಲ್ಲ. ಎದೆ ಸುತ್ತಳತೆ 100 ಸೆಂ.ಮೀ. ಇರೋ ಸ್ವೆಟರ್, ಉಲ್ಲನ್ ತುಂಬ ದಪ್ಪಾನೂ ಅಲ್ಲ ತೆಳುವೂ ಅಲ್ಲ, 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ, 10 ಸೆಂ.ಮೀ. ಎತ್ತರಕ್ಕೆ 30 ಸಾಲು. ಅಂದ್ರೆ ಒಂದು ಸುತ್ತಿಗೆ 220 ಕುಣಿಕೆ. ಕೆಳಗಿಂದ ಕಂಕುಳ ತನಕ 40 ಸೆಂ.ಮೀ., ಅದು 120 ಸುತ್ತು, ಅಲ್ಲಿಗೇ 26,400 ಆಯ್ತು. ಎರಡು ತೋಳು ಸೇರಿ 16 ಸಾವಿರ, ಭುಜ ಕುತ್ತಿಗೆ ಭಾಗ ಇನ್ನೊಂದು 11–12 ಸಾವಿರ. ಒಟ್ಟು 54 ಸಾವಿರದ ಆಸುಪಾಸು. ನಾನು ನಿಮಿಷಕ್ಕೆ 25 ಕುಣಿಕೆ ಹೆಣೀತೀನಿ, ಎಲ್ಲೂ ನಿಲ್ಲಿಸದೆ ಎಲ್ಲೂ ತಪ್ಪದೆ ಹೆಣೆದ್ರೂ 36 ಗಂಟೆ. ನೆದರ್ಲೆಂಡ್ಸ್‌ನ ಮಿರಿಯಮ್ ಟೇಗೆಲ್ಸ್ ಅನ್ನೋರು 2006ರಲ್ಲಿ ಒಂದೇ ನಿಮಿಷಕ್ಕೆ 118 ಕುಣಿಕೆ ಹೆಣೆದು ಗಿನ್ನೆಸ್ ದಾಖಲೆ ಮಾಡಿದ್ರು. ಅವರೇ ಬಂದು ಕೂತು, ಆ ಒಂದು ನಿಮಿಷದ ವೇಗದಲ್ಲೇ ತಲೆ ಎತ್ತದೆ ಹೆಣೆದ್ರೂ ನಿಮ್ಮ ‘ಒಂದು ಸ್ವೆಟರ್ ತಾನೇ’ ಅನ್ನೋದಕ್ಕೆ ಏಳೂವರೆ ಗಂಟೆ ಮೇಲೆ ಬೇಕು.

ಇದರ ಮುಂಚೆ ಸ್ಯಾಂಪಲ್ ತುಂಡು ಬೇರೆ ಹೆಣೀಬೇಕು. ಅಂಗೈ ಅಗಲದ ಚೌಕ ಹೆಣೆದು, ಒಗೆದು, ಒಣಗಿಸಿ, ಸ್ಕೇಲ್ ಇಟ್ಟು ಕುಣಿಕೆ ಎಣಿಸೋದು. ಅದನ್ನ ನೋಡಿ "ಇದೇನು ಆಟದ ಬಟ್ಟೇನಾ" ಅಂತ ನಕ್ಕೋರಿದ್ದಾರೆ. 22 ಬರಬೇಕಾದಲ್ಲಿ 20 ಬಂದಿದ್ರೆ, ಅದನ್ನ ನೋಡ್ಕೊಳ್ದೆ ಅದೇ 220 ಕುಣಿಕೆ ಹಾಕ್ಕೊಂಡು ಹೊರಟ್ರೆ 100 ಸೆಂ.ಮೀ. ಸ್ವೆಟರ್ 110 ಆಗಿ ಕೂರತ್ತೆ. ಬರೀ ಎರಡು ಕುಣಿಕೆ ವ್ಯತ್ಯಾಸಕ್ಕೆ.

ಇನ್ನು ‘ರಜಾ ತಾನೇ’. ನನ್ನ ಡಿಸೆಂಬರ್ ಹೇಗಿರತ್ತೆ ಗೊತ್ತಾ? ಬೆಳಿಗ್ಗೆ ಮನೆಯವರು ಏಳೋಕೆ ಮುಂಚೆ ಮುಕ್ಕಾಲು ಗಂಟೆ, ಅದು ಪೂರ್ತಿ ನನ್ನದು. ಆಗ ಜಡೆ ಡಿಸೈನ್ ಅಥವಾ ಲೇಸ್, ಅಂದ್ರೆ ಯಾರಾದ್ರೂ ಮಾತಾಡಿಸಿದ್ರೆ ಕೆಟ್ಟೋಗೋ ಕೆಲಸ. ಲೇಸ್ ಆದ್ರೆ ಹತ್ತು ಸಾಲಿಗೊಂದು ಸಲ ಎಲ್ಲ ಕುಣಿಕೆ ಒಳಗೂ ಬೇರೆ ಬಣ್ಣದ ದಾರ ಪೋಣಿಸಿ ಇಟ್ಕೋತೀನಿ, ಮುಂದೆ ತಪ್ಪಿ ಬಿಚ್ಚಬೇಕಾಗಿ ಬಂದ್ರೆ ಅಲ್ಲಿಗೆ ಬಂದು ನಿಲ್ಲತ್ತೆ. ಸಂಜೆ ಮನೇಲಿ ಜನ, ಟಿವಿ, ಮಕ್ಕಳು, ಆಗ ಕೈಗೆ ಟೋಪಿ ಇಲ್ಲಾ ಮಫ್ಲರ್, ಕಣ್ಣು ಬೇಕಾಗಿಲ್ಲದ ಕೆಲಸ. ಪ್ರಯಾಣಕ್ಕೆ ಸಾಕ್ಸ್, ಯಾಕಂದ್ರೆ ಚೀಲದಲ್ಲಿ ಜಾಗ ತಿನ್ನಲ್ಲ. ಕಪ್ಪು ಉಲ್ಲನ್ ಮಾತ್ರ ಹಗಲು ಬೆಳಕಲ್ಲೇ, ರಾತ್ರಿ ದೀಪದಲ್ಲಿ ಕುಣಿಕೆ ಯಾವುದು ನೆರಳು ಯಾವುದು ಗೊತ್ತಾಗಲ್ಲ, ಅದಕ್ಕೆ ಡಿಸೆಂಬರ್‌ನಲ್ಲಿ ಕಪ್ಪು ಕೇಳಿದೋರ ಮೇಲೆ ನನಗೆ ವಿಶೇಷ ಪ್ರೀತಿ ಇಲ್ಲ.

ಮತ್ತೆ ಹೆಣೆದು ಮುಗಿದ್ರೆ ಮುಗೀಲಿಲ್ಲ. ನೀರಲ್ಲಿ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಅಳತೆಗೆ ಸರಿಯಾಗಿ ಹರಡಿ ಪಿನ್ ಹೊಡೆದು ಒಣಗಿಸಬೇಕು. ಉಣ್ಣೆ ತನ್ನ ತೂಕದ ಸುಮಾರು 30% ನೀರಿನ ಆವಿ ಹೀರ್ಕೊಂಡೂ ಮುಟ್ಟಿದ್ರೆ ಒದ್ದೆ ಅನ್ನಿಸಲ್ಲ. ಹಾಕ್ಕೊಂಡೋರಿಗೆ ಅದು ಸುಖ, ಒಣಗಿಸೋರಿಗೆ ಕಷ್ಟ, ಒಣಗಿದೆ ಅಂದ್ಕೊಂಡು ಮಡಚಿದ್ರೆ ಒಳಗೆ ಇನ್ನೂ ತಣ್ಣಗಿರತ್ತೆ. ಚಳಿಗಾಲದಲ್ಲಿ ಎರಡು ದಿನ ಬೇಕು. 24ಕ್ಕೆ ಕೊಡಬೇಕಾಗಿರೋದು 22ಕ್ಕೆ ಕಡ್ಡಿಯಿಂದ ಇಳಿದಿರಬೇಕು. 23ನೇ ತಾರೀಖು ಫೋನ್ ಮಾಡಿ "ಆಯ್ತಾ?" ಅಂತ ಕೇಳೋರಿಗೆ ಇದನ್ನೆಲ್ಲ ಹೇಗೆ ಹೇಳೋದು.

ಹಾಗಂತ ಯಾವತ್ತೂ ಒಪ್ಕೊಂಡೇ ಇಲ್ಲ ಅಂತಲ್ಲ. ಎರಡು ವರ್ಷದ ಹಿಂದೆ ಒಪ್ಕೊಂಡಿದ್ದೆ. ನಮ್ಮ ಮನೆಯವರ ಕಡೆ ದೂರದ ಸಂಬಂಧಿ, ವರಸೇಲಿ ಭಾವ ಆಗಬೇಕು. ಅಳತೆ ಕೇಳಿದ್ರೆ "ಮೀಡಿಯಂ" ಅಂದ್ರು. ಒಂದು ಹಳೇ ಶರ್ಟ್ ಕಳಿಸಿ ಭಾವ ಅಂದೆ, ಕಳಿಸ್ಲಿಲ್ಲ, ಕೊನೆಗೆ ಫೋಟೋ ನೋಡಿ ಅಂದಾಜು ಮಾಡಿದೆ. ಅಕ್ಟೋಬರ್‌ನಲ್ಲಿ ಶುರು ಮಾಡಿ ಡಿಸೆಂಬರ್‌ನಲ್ಲಿ ಕೊಟ್ಟೆ. ಜನವರೀಲಿ ಅವರ ಮನೆಗೆ ಹೋದಾಗ ಸ್ವೆಟರ್ ಕುರ್ಚಿ ಮೇಲೆ, ಲ್ಯಾಪ್‌ಟಾಪ್ ಕೆಳಗೆ ಮಡಚಿ ಇಟ್ಟಿತ್ತು, ಮೆತ್ತಗಿರಲಿ ಅಂತ. ನಾನು ನೋಡಿದ್ದು ನೋಡಿ ಅವರೇ ಹೇಳಿದ್ರು, "ಕುತ್ತಿಗೆ ಹತ್ರ ಚುಚ್ಚತ್ತಮ್ಮ, ಮೆತ್ತಗಿರೋ ಉಲ್ಲನ್‌ನಲ್ಲಿ ಇನ್ನೊಂದು ಮಾಡ್ಬಿಡು, ಹೆಂಗೂ ಈಗ ಅಳತೆ ಗೊತ್ತಾಯ್ತಲ್ಲ."

"ಹಾಗಾದ್ರೆ ಅದನ್ನ ವಾಪಸ್ ಕೊಡಿ ಭಾವ" ಅಂದೆ.

ಮಾತು ಹೊರಗೆ ಬಂದ ಮೇಲೇನೇ ನನಗೂ ಗೊತ್ತಾಗಿದ್ದು. ಅಕ್ಕ, ಅಂದ್ರೆ ಅವರ ಹೆಂಡತಿ, ಏನೂ ಹೇಳದೆ ಎದ್ದು ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಸ್ವೆಟರ್‌ನ ಒಂದು ಕವರ್‌ಗೆ ಹಾಕಿ ಕೊಟ್ರು. ವಾಪಸ್ ಬರ್ತಾ ದಾರೀಲಿ ಮನೆಯವರು, ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ ಅಂತ ಬೇಜಾರು ಮಾಡ್ಕೊಂಡ್ರು. ಕೇಳ್ತಾರೆ. ನಾನು ಕೇಳ್ದೆ. ಇವತ್ತೂ ಅದು ತಪ್ಪು ಅಂತ ನನಗೆ ಅನ್ನಿಸಲ್ಲ, ಇಷ್ಟವಾಗದೇ ಇರೋದು ಅವರ ಹಕ್ಕು, ಆದ್ರೆ 36 ಗಂಟೆ ಲ್ಯಾಪ್‌ಟಾಪ್ ಕೆಳಗೆ ಇರೋದನ್ನ ನೋಡ್ಕೊಂಡು ಸುಮ್ನೆ ಕೂರೋಕೆ ನನ್ನಿಂದ ಆಗಲ್ಲ.

ಚುಚ್ಚತ್ತೆ ಅಂದಿದ್ದು ಸುಳ್ಳಲ್ಲ, ಅದನ್ನೂ ಹೇಳ್ಬೇಕು. ಉಣ್ಣೆಯ ಎಳೆ ಸುಮಾರು 30 ಮೈಕ್ರಾನ್‌ಗಿಂತ ದಪ್ಪ ಇದ್ರೆ ಅದರ ತುದಿ ಚರ್ಮಕ್ಕೆ ತಾಗಿದಾಗ ಬಾಗಲ್ಲ, ನೇರ ಒತ್ತತ್ತೆ, ಅದೇ ಚುಚ್ಚೋದು. ಮೆರಿನೋ ಕುರಿಯ ಎಳೆ ಇದಕ್ಕಿಂತ ಎಷ್ಟೋ ಸಣ್ಣ, ಬಾಗ್ಬಿಡತ್ತೆ, ಅದಕ್ಕೇ ಅದು ಮೆತ್ತಗೆ. ಕುತ್ತಿಗೆ ಸೂಕ್ಷ್ಮ ಅಂತ ಮೊದಲೇ ಒಂದು ಮಾತು ಹೇಳಿದ್ರೆ ನಾನು ಆ ಉಲ್ಲನ್ ತಗೋತಾನೇ ಇರ್ಲಿಲ್ಲ. ನಾನು ಅಳತೆ ಕೇಳೋದು, ಕುತ್ತಿಗೆ ಕೇಳೋದು, ವಾಷಿಂಗ್ ಮೆಷಿನ್‌ಗೆ ಹಾಕ್ತೀರಾ ಅಂತ ಕೇಳೋದು ಇದಕ್ಕೇ. ಅಷ್ಟೆಲ್ಲ ಕೇಳಿದ್ರೆ "ಅಯ್ಯೋ ಅಷ್ಟೊಂದು ತಲೆ ಕೆಡಿಸ್ಕೋಬೇಡ, ಹೆಂಗೋ ಒಂದು ಮಾಡು" ಅಂತಾರೆ. ಹೆಂಗೋ ಮಾಡೋಕೆ ಬರಲ್ಲ ನನಗೆ.

ನಾಲ್ಕು ಸಂಜೆ ಕೂತು ಆ ಸ್ವೆಟರ್ ಬಿಚ್ಚಿದೆ. ಬಿಚ್ಚೋದು ದುಃಖದ ಕೆಲಸ ಅಂತ ಎಲ್ಲರೂ ಅಂದ್ಕೋತಾರೆ, ಅಲ್ಲ. ಮುಗಿಸಿದ ಕಡೆಯಿಂದ, ಅಂದ್ರೆ ಕುತ್ತಿಗೆಯಿಂದ ಶುರು ಮಾಡ್ಬೇಕು, ಗಂಟು ಸಿಕ್ಕಿ ಎಳೆದ್ರೆ ಸಾಲು ಸಾಲು ಪಟಪಟ ಬರತ್ತೆ. ದಾರ ಗುಂಗುರು ಕೂದಲ ಥರ ಸುರುಳಿ ಸುರುಳಿ. ಅದನ್ನ ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲಕ್ಕೆ ಕಟ್ಟಿ, ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ ನೇತು ಹಾಕಿದ್ರೆ ಸುರುಳಿ ಎಲ್ಲ ಇಳಿದು ಹೊಸ ದಾರದ ಹಾಗೇ ನೇರ ಆಗತ್ತೆ. ಅದೇ ದಾರದಲ್ಲಿ ಅಪ್ಪನಿಗೆ ಮಂಡಿ ಮೇಲೆ ಹೊದ್ಕೊಳ್ಳೋಕೆ ಒಂದು ಹೊದಿಕೆ ಆಯ್ತು. ಬಟ್ಟೆ ಮೇಲೆ ಹೊದ್ಕೊಳ್ಳೋದು, ಚುಚ್ಚೋ ಮಾತೇ ಇಲ್ಲ. ಭಾವನಿಗೂ ಈ ವಿಷಯ ಗೊತ್ತು.

ಇಷ್ಟು ವರ್ಷ ಜನ ನನ್ನ ಹತ್ರ ಎಷ್ಟು ದಿನ ಆಗತ್ತೆ, ಮಾರ್ತೀರಾ, ಮೆಷಿನ್ ಇದೆಯಲ್ಲ ಯಾಕೆ ಕಷ್ಟ ಪಡ್ತೀರಾ ಅಂತೆಲ್ಲ ಕೇಳಿದ್ದಾರೆ. ಮೆಷಿನ್ ಇರೋದು ನನಗೂ ಗೊತ್ತು, ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಕಾಲುಚೀಲ ಹೆಣೆಯೋ ಯಂತ್ರ ಮಾಡಿದ್ದ. ಆದ್ರೆ ನಾನು ಕಾಯ್ತಿರೋ ಪ್ರಶ್ನೆ ಒಂದಿದೆ, ಇನ್ನೂ ಯಾರೂ ಕೇಳಿಲ್ಲ: ಸಾಕ್ಸ್‌ನಲ್ಲಿ ಹಿಮ್ಮಡಿ ಹೇಗೆ ತಿರುಗತ್ತೆ?

ಯೋಚನೆ ಮಾಡಿ. ಮೇಲಿಂದ ಕೊಳವೆ ಥರ ನೇರ ಕೆಳಗೆ ಬರ್ತಿರೋ ಬಟ್ಟೆ, ಒಂದು ಕಡೆ ಬಟ್ಟಲಿನ ಹಾಗೆ ಗುಂಡಗಾಗಿ, ತಿರುಗಿ, ಅಂಗಾಲಿನ ಕಡೆ ಹೋಗ್ಬೇಕು. ಕತ್ತರಿ ಹಾಕೋ ಹಾಗಿಲ್ಲ, ಹೊಲಿಗೆ ಇಲ್ಲ, ಒಂದೇ ದಾರ. ಸುತ್ತಿಗೆ 64 ಕುಣಿಕೆ ಇದೆ ಅಂದ್ಕೊಳ್ಳಿ. ಅರ್ಧ, 32 ಕುಣಿಕೆ, ಹಾಗೇ ಕಾಯ್ತಾ ಇರ್ಲಿ. ಉಳಿದ 32ರ ಮೇಲೆ ಮಾತ್ರ ಹೋಗಿ ಬಂದು 32 ಸಾಲು, ಅದು ಹಿಮ್ಮಡಿ ಹಿಂದಿನ ಪಟ್ಟಿ. ಈಗ ತಿರುವು. 18 ಹೆಣೆದು, ಎರಡನ್ನ ಸೇರಿಸಿ ಒಂದು ಮಾಡಿ, ಇನ್ನೊಂದು ಹೆಣೆದು, ಸಾಲು ಮುಗಿಯೋ ಮೊದಲೇ ವಾಪಸ್ ತಿರುಗಿಬಿಡೋದು! ಆ ಕಡೆ 11 ಕುಣಿಕೆ ಮುಟ್ಟದೇ ಹಾಗೇ ಬಿಟ್ಟು. ಹಿಂದಿನಿಂದ ಒಂದನ್ನ ಹೆಣೆಯದೆ ಎತ್ತಿಟ್ಟು, 5 ಹೆಣೆದು, ಮತ್ತೆ ಎರಡನ್ನ ಸೇರಿಸಿ, ಒಂದು ಹೆಣೆದು ಮತ್ತೆ ತಿರುಗೋದು, ಈ ಕಡೆಯೂ 11 ಬಾಕಿ. ಹೀಗೆ ಪ್ರತಿ ಸಲ ಒಂದು ಹೆಜ್ಜೆ ಆಚೆ ಹೋಗ್ತಾ ಆ ಬಾಕಿಯವನ್ನ ಒಳಗೆ ತಗೊಳ್ತಾ ಬಂದ್ರೆ ನಡುವೆ ಬಟ್ಟೆ ಜಾಸ್ತಿ, ಅಂಚಲ್ಲಿ ಕಮ್ಮಿ, ಬೇರೆ ದಾರಿ ಇಲ್ಲದೆ ಬಟ್ಟೆ ಉಬ್ಬಿ ಗುಂಡಗಾಗತ್ತೆ. 14 ಸಾಲು ಆದ ಮೇಲೆ 32 ಹೋಗಿ 18 ಉಳಿದಿರತ್ತೆ, ಬೆರಳು ಹಾಕಿ ನೋಡಿದ್ರೆ ಹಿಮ್ಮಡಿ. ಪಟ್ಟಿಯ ಎರಡೂ ಅಂಚಲ್ಲಿ 16–16 ಹೊಸ ಕುಣಿಕೆ ಎತ್ಕೊಂಡು, ಕಾಯ್ತಿದ್ದ 32ನ್ನೂ ಸೇರಿಸಿದ್ರೆ 82. ಸುತ್ತು ಬಿಟ್ಟು ಸುತ್ತಿಗೆ ಎರಡೆರಡು ಕಮ್ಮಿ ಮಾಡ್ತಾ ಬಂದ್ರೆ ಒಂಬತ್ತನೇ ಸಲಕ್ಕೆ ಸರಿಯಾಗಿ 64. ಎಲ್ಲಿಂದ ಹೊರಟಿದ್ವೋ ಅಲ್ಲಿಗೇ.

ನೂರಾರು ಸಲ ಮಾಡಿದೀನಿ, ಇವತ್ತಿಗೂ ಆ 14 ಸಾಲು ಬಂದಾಗ ನಾನು ಟಿವಿ ಆಫ್ ಮಾಡ್ತೀನಿ. ಈಜಿಪ್ಟ್‌ನಲ್ಲಿ ಸಿಕ್ಕಿದ, ಸುಮಾರು 1,600 ವರ್ಷಕ್ಕೂ ಹಳೇದಾದ ಕೆಂಪು ಉಣ್ಣೆ ಸಾಕ್ಸ್ ಒಂದು ಜೊತೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಚಪ್ಪಲಿ ಹಾಕ್ಕೊಳ್ಳೋಕೆ ಹೆಬ್ಬೆರಳು ಬೇರೆ ಮಾಡಿದ್ದಾರೆ. ಎರಡು ಕಡ್ಡಿ ಹೆಣಿಗೆ ಅಲ್ಲ ಅದು, ಒಂದೇ ಸೂಜೀಲಿ ಕುಣಿಕೆ ಹಾಕ್ತಾ ಹೋಗೋ ಇನ್ನೂ ಹಳೇ ವಿದ್ಯೆ. ಅದರ ಫೋಟೋ ನೋಡ್ದಾಗೆಲ್ಲ ನನ್ನ ಕಣ್ಣು ಮೊದಲು ಹೋಗೋದು ಹಿಮ್ಮಡಿಗೇ, ಯಾರ ಕಾಲಿಗೋ ಯಾರೋ ಅಳತೆ ತಗೊಂಡು ಮಾಡಿದ್ದು.

ಈಗ ನನ್ನ ಕಡ್ಡಿ ಮೇಲಿರೋದು ಒಬ್ಬ ಗೆಳತಿಗೆ. ಅವಳು ಯಾವತ್ತೂ ಏನೂ ಕೇಳ್ದೋಳಲ್ಲ, ನಾನೇ ಕೇಳಿದ್ದು, ಕಾಲನ್ನ ಪೇಪರ್ ಮೇಲಿಟ್ಟು ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕಳಿಸು ಅಂತ. ಈ ಮಾತನ್ನ ‘ಹೆಂಗೂ’ ಅಂದೋರಿಗೆಲ್ಲ ಹೇಳಿದೀನಿ, ಒಬ್ಬರೂ ಕಳಿಸಿಲ್ಲ. ಅವಳು ಎರಡು ಪೇಪರ್ ಕಳಿಸಿದ್ಲು. ಬಲ 24 ಸೆಂ.ಮೀ., ಎಡ 24 ಮತ್ತೆ ಅರ್ಧ. ಎಡಗಾಲಿನ ಪೇಪರ್ ಮೂಲೇಲಿ ಸಣ್ಣಗೆ ಬರ್ದಿದ್ದಾಳೆ, "ಕಿರುಬೆರಳ ಹತ್ರ ಶೂ ಯಾವಾಗ್ಲೂ ಒತ್ತತ್ತೆ ಕಣೇ, ಅಲ್ಲಿ ಸ್ವಲ್ಪ ಸಡಿಲ ಇದ್ರೆ ಒಳ್ಳೇದು". ಬಲಗಾಲಿಂದು ಮುಗಿದಿದೆ. ಎಡಗಾಲಿಂದು ಹಿಮ್ಮಡಿ ದಾಟಿ ಪಾದದಲ್ಲಿದೆ, ಅರ್ಧ ಸೆಂಟಿಮೀಟರ್ ಅಂದ್ರೆ ಎರಡು ಸುತ್ತು ಜಾಸ್ತಿ, ಆ ಎರಡು ಸುತ್ತು ಇವತ್ತು ರಾತ್ರಿ.