“ಇನ್ನೂ ಕೂಲ್ ಎಡಿಟ್ ಪ್ರೋನೇನ್ರಿ?” ಅಂತ ಕೇಳೋರಿಗೆಲ್ಲಾ

ಹುಬ್ಬಳ್ಳ್ಯಾಗ ನನ್ನ ರೆಕಾರ್ಡಿಂಗ್ ರೂಮಿಗೆ ಯಾರರ ಬರಲಿ, ಚಪ್ಪಲಿ ಬಿಟ್ಟು ಒಳಗ ಬಂದು ಮಾನಿಟರ್ ಕಡೆ ಕಣ್ಣು ಹಾಯಿಸಿದ ಕೂಡಲೇ ಕೇಳೋದು ಒಂದ ಮಾತು, “ಅಣ್ಣಾರ, ಇನ್ನೂ ಕೂಲ್ ಎಡಿಟ್ ಪ್ರೋನೇನ್ರಿ?” ಈಗ ಯೂಟ್ಯೂಬ್ ಚಾನಲ್ ಚಾಲೂ ಮಾಡಿದ ಹುಡುಗೂರು ನಕ್ಕೋತ ಕೇಳ್ತಾರ, ನನ್ನ ವಾರಗಿಯವರು ಅಯ್ಯೋ ಪಾಪ ಅನ್ನೋ ಹಂಗ ಕೇಳ್ತಾರ. ನಾ ಪ್ರತಿ ಸಲ ಅರ್ಧಾ ಉತ್ತರ ಹೇಳಿ, ಚಹಾ ತರಿಸಿ ಮಾತು ಹಾರಿಸ್ತೇನಿ. ಇವತ್ತು ಪೂರಾ ಬರದ ಬಿಡ್ತೇನಿ, ಇನ್ನ ಮ್ಯಾಲೆ ಕೇಳಿದವರಿಗೆ ಇದನ್ನ ವಾಟ್ಸಾಪ್ ಮಾಡಿದ್ರ ಮುಗೀತು.

ಗೊತ್ತಿಲ್ಲದವರಿಗೆ ಒಂದೀಟು ಹೇಳ್ತೇನಿ. ಕೂಲ್ ಎಡಿಟ್ ಅನ್ನೋದು ಹಾಡು ರೆಕಾರ್ಡ್ ಮಾಡಿ, ಕತ್ತರಿಸಿ, ಜೋಡಿಸೋ ಸಾಫ್ಟ್‌ವೇರ್. ಮೈಕ್ರೋಸಾಫ್ಟ್ ಬಿಟ್ಟು ಬಂದವರು ಅಮೆರಿಕಾದ ಅರಿಝೋನಾದಾಗ ಸಿಂಟ್ರಿಲಿಯಂ ಅಂತ ಒಂದ ಸಣ್ಣ ಕಂಪನಿ ಮಾಡಿದ್ರು, ಅವರದಿದು. 2003ರ ಮೇ ತಿಂಗಳದಾಗ ಅಡೋಬ್‌ನವರು 1 ಕೋಟಿ 65 ಲಕ್ಷ ಡಾಲರ್ ಕೊಟ್ಟು ಇದನ್ನ ತಗೊಂಡ್ರು, ಆಗಸ್ಟ್ ಬರೋದರಾಗ ಹೆಸರು ಬದಲಾಗಿ ಅಡೋಬ್ ಆಡಿಶನ್ ಆತು, ಕೂಲ್ ಎಡಿಟ್ ಅನ್ನೋ ಹೆಸರಿನ ಕಥಿ 2.1ನೇ ಆವೃತ್ತಿಗೆ ಮುಗೀತು.

ಮಜಾ ಏನಂದ್ರ ನಾ ಇದನ್ನ ಕಲತಿದ್ದ 2004ರಾಗ. ಅಂದ್ರ ನಾ ಕೈ ಹಚ್ಚೋ ಹೊತ್ತಿಗೆ ಅದು ಸತ್ತು ವರ್ಷ ಆಗಿತ್ತು, ಇಲ್ಲಿ ಯಾರಿಗೂ ಸುದ್ದಿ ಮುಟ್ಟಿರಲಿಲ್ಲ ಅಷ್ಟ. ನಾ ಆಗ ಒಂದು ಕ್ಯಾಸೆಟ್ ಕಂಪನ್ಯಾಗ ಕಾಪಿ ಹೊಡಿಯೋ ಮಶೀನ್ ಮುಂದ ಕುಂದ್ರತಿದ್ದೆ. ಮಾಲಕರು ಒಂದಿನ ಒಂದು ಸಿಡಿ ತಂದ್ರು, ಮ್ಯಾಲೆ ಮಾರ್ಕರ್ ಪೆನ್ನಿಲೆ ಸಿಇಪಿ 2.1, ಅಂದ್ರ ಕೂಲ್ ಎಡಿಟ್ ಪ್ರೋ, ಅಂತ ಬರದಿತ್ತು, ಬಾಜೂಕ ಅದರ ಸೀರಿಯಲ್ ನಂಬರೂ ಇತ್ತು. ಹೌದ್ರಿ, ಕಳ್ಳ ಕಾಪಿ. ಸುಳ್ಳು ಯಾಕ ಹೇಳ್ಲಿ. ಆವಾಗ ನಾ ಕಂಡ ಸಣ್ಣ ಸ್ಟುಡಿಯೋದಾಗೆಲ್ಲಾ ಹಿಂಗ ನಡೀತಿತ್ತು. ಮುಂದ ನನ್ನ ಸ್ವಂತ ರೂಮ್ ಆಗಿ, ಕೈಯಾಗ ನಾಕು ದುಡ್ಡು ಓಡ್ಯಾಡಿದಾಗ ಖರೇನ ದುಡ್ಡು ಕೊಟ್ಟು ತಗೋಬೇಕು ಅನಿಸ್ತು. ಆದ್ರ ಆ ಹೊತ್ತಿಗೆ ಮಾರೋರೇ ಇರಲಿಲ್ಲ! ಅದರ ಬದಲಿ ಆಡಿಶನ್ ತಗೊಂಡೆ, ಡಬ್ಬಿ ಇನ್ನೂ ಕಪಾಟಿನ ಮ್ಯಾಲ ಐತಿ, ಸಾಲ ತೀರಿಸಿದಂಗ ಮನಸಿಗೆ ಒಂಥರಾ ಸಮಾಧಾನ.

ಮತ್ತ ಆ ಆಡಿಶನ್ನ ಯಾಕ ಬಳಸಂಗಿಲ್ಲ ಅಂತ ಕೇಳ್ತೀರಿ. ನನ್ನ ಕಡೆ ಬರೋ ಕೆಲಸ ಎಂಥಾದ್ದು ಅಂತ ಮೊದಲ ನೋಡ್ರಿ. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯಿಂದ ಭಜನಿ ಮ್ಯಾಳದವರು ಟ್ರ್ಯಾಕ್ಸ್ ಗಾಡಿ ಮಾಡ್ಕೊಂಡು ಬರ್ತಾರ. ಪೇಟಿ ಅಂದ್ರ ಹಾರ್ಮೋನಿಯಂ, ತಬಲಾ, ಡಗ್ಗಾ, ದಮ್ಮಡಿ, ತಾಳ. ಮೇನ್ ಹಾಡೋರು ಒಬ್ಬರು, ಹಿಂದ ಹೇಳೋರು ನಾಕು ಮಂದಿ. ಇವರಿಗೆ ಟಿಕ್ ಟಿಕ್ ಅಂತ ಲಯ ಹಿಡಿಯೋ ಮೆಟ್ರೊನೋಮ್ ಹಚ್ಚಿ ಕೊಟ್ಟು ನೋಡ್ರಿ, ಎರಡನೇ ನುಡಿಗೆ ಹೆಡ್‌ಫೋನ್ ಕಿತ್ತಿ ಒಗೀತಾರ. ತತ್ವಪದ ನಿಮಿಷಕ್ಕ 80 ಬೀಟಿನ ಲಯದಾಗ ಶುರುವಾಗಿ ಕಡೀ ನುಡಿಗೆ 110 ದಾಟಿರ್ತೈತಿ, ಅದು ತಪ್ಪಲ್ಲ, ಹಂಗ ಏರಬೇಕು, ಏರಲಿಲ್ಲಂದ್ರ ಕೇಳೋರು ಎದ್ದು ಹೋಗ್ತಾರ. ಈಗಿನ ಸಾಫ್ಟ್‌ವೇರ್ ತೆಗದ ಕೂಡಲೇ ಮೊದಲ ಬೀಟಿನ ಗೆರಿಗಳ ಗ್ರಿಡ್ ಬರ್ತೈತಿ, ಬೀಟ್ ಎಷ್ಟು ಅಂತ ಕೇಳ್ತೈತಿ. ಗ್ರಿಡ್ ಬಂದ್ ಮಾಡಾಕ ಬರ್ತೈತಿ, ಗೊತ್ತೈತಿ ನನಗ, ಹುಡುಗೂರು ದಿನಾ ಹೇಳ್ತಾರ. ಆದ್ರ ಕೂಲ್ ಎಡಿಟ್ ತೆಗದ್ರ ಬರೇ ಹಸರು ಅಲೆ ಕಾಣತಾವು, ಸೆಕೆಂಡ್ ಕಾಣತಾವು. ನನಗ ಬೇಕಾಗಿದ್ದೂ ಅಷ್ಟ. ಎಫ್12 ಒತ್ತಿದ್ರ ಒಂದೊಂದ ದನಿ ಬ್ಯಾರೆ ಬ್ಯಾರೆ ಸಾಲಿನ್ಯಾಗ ತೋರಿಸೋ ಮಲ್ಟಿಟ್ರ್ಯಾಕ್, ಮತ್ತೊಮ್ಮೆ ಒತ್ತಿದ್ರ ಒಂದ ಫೈಲ್ ತೋರಿಸೋ ಎಡಿಟ್ ವ್ಯೂ. 128 ಟ್ರ್ಯಾಕ್ ತನಕ ಕೊಡ್ತೈತಿ, ನಾ ಈ ಇಪ್ಪತ್ತು ವರ್ಷದಾಗ 14 ದಾಟಿಲ್ಲ.

ಇನ್ನೊಂದು ಐತಿ, ಇದನ್ನ ಮಂದಿ ಕೊರತೆ ಅಂತಾರ. ಎಡಿಟ್ ವ್ಯೂದಾಗ ಕತ್ತರಿಸಿ ಸೇವ್ ಮಾಡಿದ್ರ ಫೈಲ್‌ದಾಗ ಖರೇನ ಕತ್ತರಿಸಿದಂಗ. ಸೇವ್ ಮಾಡಿ ಬಂದ್ ಮಾಡಿದ್ರಿ, ಹೋತು, ವಾಪಸ್ ತರಾಕ ಅಂಡೂ ಇಲ್ಲ ಗಿಂಡೂ ಇಲ್ಲ. ಹಿಂಗಾಗಿ ಕೈ ತಾನ ಹುಷಾರಾಗ್ತೈತಿ, ಕತ್ತರಿಸೋ ಮೊದಲ ಮೂರು ಸಲ ಕೇಳ್ತೇನಿ, ಅಲೆ ನಡೂ ಗೆರಿ ದಾಟೋ ಜಾಗಾ ಅಂದ್ರ ಝೀರೋ ಕ್ರಾಸಿಂಗ್ ಹುಡುಕತೇನಿ, ಇಲ್ಲಂದ್ರ ಜೋಡಿಸಿದಲ್ಲಿ ‘ಟಕ್’ ಅಂತೈತಿ. ನಮ್ಮಲ್ಲಿ ಕೆಲಸ ಕಲಿಯೋ ಹುಡುಗ ಲ್ಯಾಪ್‌ಟಾಪ್‌ದಾಗ ರೀಪರ್ ಅನ್ನೋ ಇಂಥಾದ್ದ ಇನ್ನೊಂದು ಸಾಫ್ಟ್‌ವೇರ್ ಬಳಸ್ತಾನ. ಒಂದ ಸಾಲಿಗೆ 23 ಟೇಕ್ ಇಟ್ಕೊಂಡು ಯಾವುದು ಚಲೋ ಅಂತ ನಡುರಾತ್ರಿ ತನಕ ಕುಂತಿರ್ತಾನ. ನಾ ಮೂರನೇ ಟೇಕಿಗೆ ಆತು ನಡೀರಿ ಅಂತೇನಿ. ಅವನದು ತಪ್ಪಂತಲ್ಲ, ಆದ್ರ ಕೆಲವು ಮ್ಯಾಳದವರಿಗೆ ಆರೂವರಿ ಬಸ್ ಇರ್ತೈತಲ್ರಿ.

ನಾಯ್ಸ್ ರಿಡಕ್ಷನ್ ಬಗ್ಗೆ ಹೇಳಲಿಲ್ಲಂದ್ರ ಈ ಬರಹಕ್ಕ ಅರ್ಥನ ಇಲ್ಲ. ಏಪ್ರಿಲ್ ಬಿಸಲಾಗ ರೂಮಿನ ಕದಾ ಹಾಕಿ ಫ್ಯಾನ್ ಬಂದ್ ಮಾಡಿದ್ರ ಒಂಬತ್ತು ಮಂದಿ ಕುದಿಸಿದಂಗ ಆಗ್ತಾರ, ಪೇಟಿ ಮಾಸ್ತರರ ಬೆರಳು ಬೆವರಿಗೆ ಮಣಿ ಮ್ಯಾಲಿಂದ ಜಾರತಾವು. ಅದಕ್ಕ ಒಮ್ಮೊಮ್ಮೆ ಫ್ಯಾನ್ ಸಣ್ಣಗ ಇಟ್ಟ ರೆಕಾರ್ಡ್ ಮಾಡ್ತೇನಿ, ಆದ್ರ ಶುರುವಿಗೆ ಎರಡು ಸೆಕೆಂಡ್ ಯಾರೂ ಉಸುರು ಬಿಡಬ್ಯಾಡ್ರಿ ಅಂತ ಹೇಳಿರ್ತೇನಿ. ಆ ಎರಡು ಸೆಕೆಂಡ್ ಬರೇ ಫ್ಯಾನಿನ ಸದ್ದು. ಅದನ್ನ ಸೆಲೆಕ್ಟ್ ಮಾಡಿ ಪ್ರೊಫೈಲ್ ತಗೊಂಡ್ರ, ಯಾವ ಯಾವ ಫ್ರೀಕ್ವೆನ್ಸ್ಯಾಗ ಎಷ್ಟು ಗದ್ದಲ ಐತಿ ಅಂತ ಸಾಫ್ಟ್‌ವೇರ್ ತಿಳಕೊಂಡು ಇಡೀ ಹಾಡಿನಾಗಿಂದ ಅಷ್ಟನ್ನ ಕಳೀತೈತಿ. ಶೇಕಡಾ 100ಕ್ಕ ಇಟ್ಟು ಒತ್ತಬ್ಯಾಡ್ರಿ ಮಾರಾಯ್ರ, ಹಾಡೋರ ದನಿ ಬಾವ್ಯಾಗ ಕುಂತು ಬಳಿ ಅಲುಗಾಡಿಸಿದಂಗ ಕಿಣಿಕಿಣಿ ಅಂತೈತಿ. ನಾ 40ಕ್ಕ ಇಟ್ಟು ಎರಡು ಸಲ ಓಡಸ್ತೇನಿ, ನಡುವ ಹೊಸಾ ಪ್ರೊಫೈಲ್ ತಗೋತೇನಿ. ಇದಕ್ಕಿಂತಾ ಚಲೋ ಪ್ಲಗಿನ್ ಈಗ ಬಂದಾವು, ಕೇಳೇನಿ, ಖರೇನ ಚಲೋ ಅದಾವು. ಆದ್ರ ಯಾವ ನಂಬರಿಗೆ ಪೇಟಿ ಎಷ್ಟು ಸೊರಗತೈತಿ ಅನ್ನೋದು ಇದರಾಗ ನನಗ ಕೇಳದನ ಗೊತ್ತಾಗ್ತೈತಿ.

ಇಷ್ಟೆಲ್ಲಾ ಹೇಳಿದ್ರೂ ಇವು ನೆಪ ಅಂತ ನೀವು ಅನ್ನಬಹುದು. ರೂಢಿ ಅನ್ನೋದು ಹೊಸದಕ್ಕೂ ಆಗ್ತೈತಿ. ಖರೇ ಕಾರಣ ಕಪಾಟಿನಾಗ ಐತಿ.

ಒಂದು ಏಳು ನಿಮಿಷದ ಪದ, ಎಂಟು ಟ್ರ್ಯಾಕ್, 32 ಬಿಟ್‌ದಾಗ ಇಟ್ರ ಸುಮಾರು 600 ಎಂಬಿ. ಒಂದು ಸಿಡಿ 700 ಎಂಬಿ. ಹಿಂಗಾಗಿ ನನಗ ಒಂದು ಪದ ಅಂದ್ರ ಒಂದು ಸಿಡಿ, ಹೆಸರು ಬರದು ಸಾಲಾಗಿ ಹಚ್ಚೇನಿ, ಅದರಾಗ ಕೆಲವೊಂದಕ್ಕ ಬೂಸ್ಟು ಹತ್ತಿ ಹೋದವು, ಆ ಸಂಕಟ ಬ್ಯಾರೇನ ಐತಿ. ಪ್ರತಿ ಪದದ ಜೋಡಿ ಕೂಲ್ ಎಡಿಟ್‌ದ ಒಂದ ಸೆಶನ್ ಫೈಲ್ ಇರ್ತೈತಿ, ಅದರಾಗ ಹಾಡು ಇರಂಗಿಲ್ಲ, ಯಾವ ವೇವ್ ಫೈಲ್, ಅಂದ್ರ ದನಿ ಇರೋ ಫೈಲ್, ಎಲ್ಲಿ ಐತಿ, ಎಷ್ಟನೇ ಸೆಕೆಂಡಿಗೆ ಬರಬೇಕು, ವಾಲ್ಯೂಮ್ ಎಷ್ಟು, ಈ ಲೆಕ್ಕ ಅಷ್ಟ ಇರ್ತೈತಿ. 2011ರಾಗ ಅಡೋಬ್‌ನವರು ಆಡಿಶನ್ನ ಬುಡದಿಂದ ಹೊಸದಾಗಿ ಬರದ್ರು, ಅಲ್ಲಿಂದ ಈ ಕಡೆ ಹಳೇ ಎಸ್‌ಇಎಸ್ ಸೆಶನ್ ಸೀದಾ ತೆರಿಯಂಗಿಲ್ಲ, ನಡುವ ಹಳೇ ಆಡಿಶನ್ 3 ಇಟ್ಕೊಂಡು ಎಕ್ಸ್‌ಎಮ್‌ಎಲ್ ಅನ್ನೋ ನಮೂನಿ ಫೈಲ್ ಮಾಡಿ ದಾಟಿಸಬೇಕು. ಕೂಲ್ ಎಡಿಟ್ ಬಿಟ್ರ ನನ್ನ ಲೆಕ್ಕದ ವಹಿ ಓದೋರೇ ಇಲ್ಲದಂಗ.

ಹೋದ ಶ್ರಾವಣದಾಗ ಒಬ್ಬರು ಬಂದಿದ್ರು. ಅವರ ಅಪ್ಪಾರು 2006ರಾಗ ನನ್ನ ಕಡೆ ಎರಡು ಪದ ಹಾಡಿದ್ರು, ಪೇಟಿಯ ಕರಿ ಎರಡನೇ ಮಣಿಗೆ ಹಾಡೋ ಏರುದನಿ, ಮೈಕ್ ಬ್ಯಾಡಾಗಿತ್ತು ಅವರಿಗೆ. ಈಗಿಲ್ಲ. ಮಗಾ ಕೇಳಿದ್ದಿಷ್ಟ, “ಪೇಟಿ ತಬಲಾ ತೆಗದು ಬರೇ ಅಪ್ಪನ ದನಿ ಕೊಡಾಕ ಬರ್ತೈತೇನ್ರಿ?” ಸಿಡಿ ಹಾಕಿದೆ, ನಾಕು ಸಲ ಗರ್ರ್ ಅಂತು, ಕಡೀಕ ಓದ್ತು. ಸೆಶನ್ ತೆಗದೆ, ಫೈಲ್ ಸಿಗವಲ್ದು ಅಂತು, ಯಾಕಂದ್ರ ಆವಾಗ ಅದು ಡಿ ಡ್ರೈವ್, ಈಗ ಇ. ಜಾಗಾ ತೋರಿಸಿದೆ. ಎಂಟೂ ಟ್ರ್ಯಾಕ್ ಸಾಲಾಗಿ ಬಂದು ಕುಂತವು. ಮೂರನೇದನ್ನ ಸೋಲೋ ಒತ್ತಿದೆ. ನಾ ಆವಾಗ ಮಿಕ್ಸ್‌ದಾಗ ಹಾಡಿನ ಮೊದಲ ಹನ್ನೊಂದು ಸೆಕೆಂಡ್ ಮ್ಯೂಟ್ ಮಾಡಿದ್ದೆ, ಅದನ್ನ ಎತ್ತಿದ ಕೂಡಲೇ ಫ್ಯಾನಿನ ಸದ್ದು, ಒಂದು ಕೆಮ್ಮು, ಆಮ್ಯಾಲೆ ಅಜ್ಜಾರು ಯಾರಿಗೋ “ಏ ಆ ಪಂಖಾ ಬಂದ್ ಮಾಡೋ ತಮ್ಮಾ, ದನಿ ಒಡೀತೈತಿ” ಅಂತಾರ. ಆ ತಮ್ಮಾ ನಾನ. ಮಗಾ ಎರಡು ಸಲ ಕೇಳಿದ, ಹಾಡಿನ ಮಾತ ಎತ್ತಲಿಲ್ಲ, “ಇದನ್ನೂ ಹಾಕಿ ಕೊಡ್ರಿ” ಅಂದ. ನಾಯ್ಸ್ ರಿಡಕ್ಷನ್ ಮಾಡದ ಹಂಗ ಕೊಟ್ಟೆ.

ನಂದೊಬ್ಬಂದ ಹುಚ್ಚು ಅಂತ ತಿಳಕೋಬ್ಯಾಡ್ರಿ, ಕಂಪನಿ ಕೈ ಬಿಟ್ಟು ನಡುನೀರಾಗ ನಿಂತ ಗಿರಾಕಿ ಇನ್ನೂ ಅದಾರ. ಲಾಜಿಕ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ವಿಂಡೋಸ್‌ದಾಗ ನಡೀತಿತ್ತು, 2002ರಾಗ ಆ್ಯಪಲ್ ಅದನ್ನ ಮಾಡೋ ಕಂಪನಿನ ಕೊಂಡು ವಿಂಡೋಸ್ ಬಳಸೋರನ್ನ ರಸ್ತೆ ಮ್ಯಾಲ ಬಿಟ್ತು. ಕೇಕ್‌ವಾಕ್‌ದವರು 2016ರಾಗ ತಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್ ಸೋನಾರ್‌ಗೆ ಜೀವನಪೂರ್ತಿ ಅಪ್‌ಡೇಟ್ ಫ್ರೀ ಅಂತ ಮಾರಿದ್ರು, 2017ರ ನವೆಂಬರ್‌ದಾಗ ಅವರ ಮಾಲಕ ಕಂಪನಿ ಗಿಬ್ಸನ್ ಅದನ್ನ ನಿಲ್ಲಿಸಿಬಿಟ್ಟಿತು. ಜೀವನ ಯಾರದು ಅಂತ ಕೇಳಿರಲಿಲ್ಲ ಗಿರಾಕಿಗಳು! ಪುಣ್ಯಾ, 2018ರಾಗ ಬ್ಯಾಂಡ್‌ಲ್ಯಾಬ್ ತಗೊಂಡು ಪುಕ್ಕಟ ಕೊಟ್ತು.

ಹಂಗಂತ ಎಲ್ಲಾ ಇದರಾಗ ಮಾಡ್ತೇನಿ ಅಂತಲ್ಲ. ಯೂಟ್ಯೂಬಿಗೆ ಜಾನಪದ ಹಾಡು, ಆಟೋಟ್ಯೂನ್ ಬೇಕು, ಪ್ಯಾಡ್ ರಿದಂ ಬೇಕು, ಟ್ರ್ಯಾಕ್ಟರ್‌ದಾಗ ಬೇಸ್ ಗುಂಯ್ ಅನ್ನಬೇಕು ಅಂತ ಬಂದ್ರ, ತಮ್ಮಾ ಇದು ನನ್ನ ಕಡೆ ಆಗಂಗಿಲ್ಲ ಅಂತ ಹೇಳಿ ನಮ್ಮ ಹುಡುಗನ ರೀಪರ್‌ಗೆ ದಬ್ಬತೇನಿ. ಅವನ ರೊಕ್ಕ ಹೆಚ್ಚು ಗಳಸ್ತಾನ, ಅದು ಬ್ಯಾರೆ ಮಾತು.

ಮತ್ತ ಈ ಮಶೀನ್ ಎಷ್ಟ ದಿನ? ಪೆಂಟಿಯಮ್ 4, ಒಂದು ಜಿಬಿ ರ್‍ಯಾಮ್, ವಿಂಡೋಸ್ ಎಕ್ಸ್‌ಪಿ. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕ ಮೈಕ್ರೋಸಾಫ್ಟ್ ಕೈ ಬಿಟ್ಟೈತಿ, ಅದಕ್ಕ ನೆಟ್ ಹಚ್ಚೇ ಇಲ್ಲ. ಸೌಂಡ್ ಕಾರ್ಡ್ ಹಳೇ ಪಿಸಿಐ ನಮೂನಿದ್ದು, ಹೊಸಾ ಬೋರ್ಡಿನ್ಯಾಗ ಅದಕ್ಕ ಕುಂದ್ರಾಕ ಜಾಗಾನ ಇರಂಗಿಲ್ಲ. ಎರಡು ಸಲ ಮದರ್‌ಬೋರ್ಡಿನ ಕೆಪಾಸಿಟರ್ ಉಬ್ಬಿ ರಿಪೇರಿ ಆಗೈತಿ, ಇನ್ನೊಂದು ಅಂಥಾದ್ದ ಹಳೇ ಡಬ್ಬಾ ಗುಜರಿಯಿಂದ 700 ರೂಪಾಯಿಗೆ ತಂದು ಮಂಚದ ಕೆಳಗ ಇಟ್ಟೇನಿ, ಮನ್ಯಾಗ ಅದಕ್ಕ ‘ಸವತಿ’ ಅಂತಾರ.

ಇದು ಯಾವಾಗರ ಕುಸೀತೈತಿ ಅಂತ ನನಗೂ ಗೊತ್ತೈತಿ. ಅದಕ್ಕ ದಿನಾ ರಾತ್ರಿ ಒಂದ ಸೆಶನ್ ತೆಗದು, ಒಂದೊಂದ ಟ್ರ್ಯಾಕ್ ಸೊನ್ನೆಯಿಂದ ಕಡೀ ತನಕ ಒಂದ ಉದ್ದದ ವೇವ್ ಫೈಲ್ ಮಾಡಿ ಹೊಸಾ ಡಿಸ್ಕಿಗೆ ಹಾಕಾಕತ್ತೇನಿ. ವೇವ್ ಎಲ್ಲಿ ಬೇಕಾದ್ರೂ ತೆರೀತೈತಿ, ಎಲ್ಲಾನೂ ಸೊನ್ನೆಗೆ ಹಚ್ಚಿಟ್ರ ತಾನ ಕೂಡತಾವು. 2008ರ ತನಕ ಬಂದೇನಿ. ಎಲ್ಲಾ ಮುಗಿದ ಮ್ಯಾಲೆ ಇದನ್ನ ಬಿಡ್ತೀರೇನ್ರಿ ಅಂತ ನಮ್ಮ ಹುಡುಗ ಕೇಳ್ದ. ರವಿವಾರ ಅಣ್ಣಿಗೇರಿ ಮ್ಯಾಳದವರು ಬರಾವ್ರದಾರ, ಮೊದಲ ಮೈಕಿನ ಕೇಬಲ್ ಬೆಸುಗಿ ಹಾಕು ಅಂದೆ.