ಕೋಳಿ ಜಾಳಿಗೆಯ ಛತ್ರಿ ಮತ್ತು 36,000 ಕಿ.ಮೀ. ದೂರದ ಟಿವಿ

1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ (ಉಪಗ್ರಹದ ಮೂಲಕ ಹಳ್ಳಿಗಳಿಗೆ ಶೈಕ್ಷಣಿಕ ಟಿವಿ ತೋರಿಸಿದ ಪ್ರಯೋಗ) ಗುಲಬರ್ಗಾ, ರಾಯಚೂರಿನ ಜೊತೆ ಆಗಿನ ಬಿಜಾಪುರ ಜಿಲ್ಲೆಯ ಹಳ್ಳಿಗಳೂ ಇದ್ದವು. ಅಹಮದಾಬಾದಿನಿಂದ ಎಟಿಎಸ್-6 ಉಪಗ್ರಹಕ್ಕೆ ಏರಿದ ಸಂಕೇತ 860 ಮೆಗಾಹರ್ಟ್ಸ್‌ನಲ್ಲಿ ಇಳಿದು, ನಡುವೆ ಯಾವ ಗೋಪುರವೂ ಇಲ್ಲದೆ, ನೇರ ಊರಿನ ಛತ್ರಿಗೇ, ಅಂದರೆ ಡಿಶ್ ಆಂಟೆನಾಕ್ಕೇ, ಬೀಳುತ್ತಿತ್ತು.

ಛತ್ರಿಗೆ ಬಿಗಿದದ್ದು ಕೋಳಿ ಗೂಡಿನ ಜಾಳಿಗೆ. ಅಗ್ಗದ ಮಾಲು ಅಂತ ಹಗುರವಾಗಿ ಕಾಣಬೇಡಿ. 860 ಮೆಗಾಹರ್ಟ್ಸ್ ಅಂದರೆ 35 ಸೆಂ.ಮೀ. ಉದ್ದದ ಅಲೆ. ಜಾಳಿಗೆಯ ಕಣ್ಣು ಅದರ ಹತ್ತನೇ ಒಂದು ಪಾಲಿಗಿಂತ, ಅಂದರೆ 3.5 ಸೆಂ.ಮೀ.ಗಿಂತ ಸಾಕಷ್ಟು ಸಣ್ಣದಿದ್ದರೆ ಅಲೆಗೆ ಜಾಳಿಗೆಯೂ ತಗಡೂ ಒಂದೇ. ಗಾಳಿ ಮಾತ್ರ ತೂರಿ ಹೋಗುತ್ತದೆ. ಬಯಲುಸೀಮೆಯಲ್ಲಿ ಅದು ದೊಡ್ಡ ಅನುಕೂಲ. ಮೈ ಎರಡು ಸೆಂ.ಮೀ. ಅಂಕುಡೊಂಕಾದರೂ ನಡೆಯುತ್ತದೆ, ಹಾಗಾಗಿ ಊರಿನ ವೆಲ್ಡಿಂಗ್ ಅಂಗಡಿಯ ಕೆಲಸವೇ ಸಾಕು.

ಶಾಲೆಯ ಪ್ರದರ್ಶನಕ್ಕೆ 3 ಮೀಟರ್ ಅಗಲದ ಮಾದರಿ ಮಾಡುವವರಿಗೆ ಅಳತೆ ಇಲ್ಲಿದೆ. ನಾಭಿ ದೂರ, ಅಂದರೆ ಛತ್ರಿಯ ನಡುವಿನಿಂದ ಅಲೆಗಳು ಒಂದುಗೂಡುವ ಬಿಂದುವಿಗಿರುವ ದೂರ, 1.2 ಮೀಟರ್ ಇಟ್ಟುಕೊಳ್ಳಿ. ಪಕ್ಕೆಯ ಸರಳು ನಡುವಿನಿಂದ 50 ಸೆಂ.ಮೀ.ಗೆ 5.2, 100ಕ್ಕೆ 20.8, 150ಕ್ಕೆ 46.9 ಸೆಂ.ಮೀ. ಮೇಲೇಳಬೇಕು. ಮೊದಲು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ಎಲ್ಲ ಸರಳನ್ನೂ ಅದೇ ಗೆರೆಗೆ ಬಗ್ಗಿಸಿ. ಒಂದನ್ನು ನೋಡಿ ಇನ್ನೊಂದನ್ನು ಬಗ್ಗಿಸುತ್ತ ಹೋದರೆ ತಪ್ಪು ಬೆಳೆಯುತ್ತದೆ.

ಸಂಕೇತ ಎಫ್‌ಎಂ (ಅಲೆಯ ಆವರ್ತನ ಬದಲಿಸಿ ಚಿತ್ರ ಕಳಿಸುವ ಬಗೆ) ಆಗಿದ್ದರಿಂದ ಸಾದಾ ಟಿವಿಗೆ ಪರಿವರ್ತಕ ಬೇಕೇ ಬೇಕಿತ್ತು. ಎಫ್‌ಎಂನ ಗುಣವೇನೆಂದರೆ, ಬಲ ಒಂದು ಮಟ್ಟದ ಮೇಲಿದ್ದರೆ ಚಿತ್ರ ಸ್ವಚ್ಛ. ಕೆಳಗಿಳಿದರೆ ಮೆಲ್ಲಗೆ ಮಸುಕಾಗದೆ ಒಮ್ಮೆಲೇ ಕಪ್ಪು-ಬಿಳಿ ಕಿಡಿಗಳು ಸಿಡಿಯುತ್ತವೆ. ಕಿಡಿ ಕಂಡರೆ ಟಿವಿ ಬಿಚ್ಚುವ ಮೊದಲು ಛತ್ರಿ ನೋಡಬೇಕು. ಅದರ ನೋಟ ಸುಮಾರು 8° ಅಗಲ. ಬೋಲ್ಟು ಸಡಿಲಾಗಿ 4° ತಿರುಗಿದರೆ ಅರ್ಧ ಬಲ ಹೋಯಿತು. ಆಮೇಲೆ ಜೋಡಣೆಯೊಳಗೆ ನೀರು ಇಳಿದಿದೆಯೇ ನೋಡಿ. ಈ ಆವರ್ತನವನ್ನು ಉದ್ದದ ಕೇಬಲ್ ನುಂಗುತ್ತದೆ, ಆದ್ದರಿಂದ ವರ್ಧಕ ನಾಭಿಯ ಹತ್ತಿರವೇ ಇರಲಿ.

ಉಪಗ್ರಹ ಆಗ ಪೂರ್ವ ರೇಖಾಂಶ 35°ಯಲ್ಲಿತ್ತು. ವಿಜಯಪುರದಿಂದ ಲೆಕ್ಕ ಹಾಕಿದರೆ ನೇರ ಪಶ್ಚಿಮದಿಂದ ಸುಮಾರು 19° ದಕ್ಷಿಣಕ್ಕೆ, ದಿಗಂತದಿಂದ 40° ಮೇಲೆ. ಆ ಸಂಕೇತ ಈಗಿಲ್ಲ, ಆದರೆ ದಿಕ್ಕನ್ನು ಸೂರ್ಯನಿಂದ ಪರೀಕ್ಷಿಸಬಹುದು: ಮಾರ್ಚ್ 14ರ ಆಸುಪಾಸು ಮಧ್ಯಾಹ್ನ 3:40ಕ್ಕೆ, ಸೆಪ್ಟೆಂಬರ್ ಕೊನೆಗೆ 3:25ಕ್ಕೆ, ನಾಭಿಯ ಡಬ್ಬಿಯ ನೆರಳು ಜಾಳಿಗೆಯ ನಟ್ಟನಡುವೆ ಬೀಳಬೇಕು.