ಫ್ರೇಸಲ್ ವರ್ಬ್‌ಗಳೂ ನಮ್ಮ ‘ಹೇಳಿಕೊಡು’ವೂ

ಇಂಗ್ಲಿಷನ್ನು ಪುಸ್ತಕದಿಂದ ಕಲಿತವರನ್ನು ದೊಡ್ಡ ಪದಗಳಿಗಿಂತ ಹೆಚ್ಚಾಗಿ ಕಾಡುವುದು ಪುಟ್, ಗೆಟ್, ಟೇಕ್, ಲುಕ್ ಎಂಬ ಚಿಕ್ಕ ಕ್ರಿಯಾಪದಗಳು ಮತ್ತು ಅವುಗಳ ಬೆನ್ನಿಗೆ ಬರುವ ಅಪ್, ಆಫ್, ಔಟ್‌ಗಳು. ಹೀಗೆ ಎರಡೂ ಕೂಡಿ ಹೊಸ ಅರ್ಥ ಕೊಡುವ ಜೋಡಿಯೇ ಫ್ರೇಸಲ್ ವರ್ಬ್. ‘ಪುಟ್’ ಎಂದರೆ ಇಡು ಎಂದು ಬಲ್ಲವರೂ ‘ದೇ ಪುಟ್ ಆಫ್ ದ ಮೀಟಿಂಗ್’ ಎಂದರೆ ಸಭೆಯನ್ನು ಮುಂದೂಡಿದರು ಎಂದಾಗಲಿ, ‘ದೇ ಪುಟ್ ಔಟ್ ದ ಫೈರ್’ ಎಂದರೆ ಬೆಂಕಿ ನಂದಿಸಿದರು ಎಂದಾಗಲಿ ಊಹಿಸುವುದು ಕಷ್ಟ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿಯೇ, ಪರಭಾಷಿಕರಿಗೆ ಅತಿ ಹೆಚ್ಚು ತೊಡಕಾಗುವುದು ಈ ಬಗೆಯ ಜೋಡಣೆ ಎಂದು ಗುರುತಿಸಿದ್ದರು.

ಆದರೂ ಕನ್ನಡಿಗರಿಗೆ ಇದು ತೀರ ಹೊಸದೇನಲ್ಲ. ‘ಹೇಳು’ ಎಂಬುದಕ್ಕೆ ‘ಕೊಡು’ ಸೇರಿದರೆ ಕಲಿಸು ಎಂದಾಗುತ್ತದೆ. ‘ಕೊಳ್ಳು’ ಸೇರಿದರೆ ಮನಸ್ಸಿನಲ್ಲಿದ್ದುದನ್ನು ತೋಡಿಕೊಳ್ಳುವುದಾಗುತ್ತದೆ. ‘ಹೇಳಿಬಿಡು’ ಎನ್ನುವಾಗ ನಾವು ಏನನ್ನೂ ಬಿಡುವುದಿಲ್ಲ, ಮಾತನ್ನು ಮುಗಿಸುತ್ತೇವೆ. ‘ಈಟ್ ಅಪ್’, ‘ಯೂಸ್ ಅಪ್’ಗಳಲ್ಲಿರುವ ‘ಅಪ್’ ಕೂಡ ಮೇಲಕ್ಕೆ ಎಂಬುದನ್ನು ಮರೆತು ಪೂರ್ತಿಯಾಗಿ ಎಂಬ ಅರ್ಥವನ್ನು ತಾಳಿದೆ. ‘ರೈಟ್ ಇಟ್ ಡೌನ್’ ಎಂದರೆ ನಮ್ಮ ‘ಬರೆದಿಟ್ಟುಕೊ’. ಅರ್ಥವನ್ನು ತಿರುಗಿಸುವ ತುಣುಕು ಎರಡೂ ಭಾಷೆಗಳಲ್ಲಿ ಕ್ರಿಯಾಪದದ ನಂತರವೇ ಬರುತ್ತದೆ ಎಂಬುದನ್ನು ಪಾಠಪುಸ್ತಕಗಳು ಮೊದಲೇ ತೋರಿಸಿದ್ದರೆ ಎಷ್ಟೋ ಬಾಯಿಪಾಠ ತಪ್ಪುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ನಿಜವಾದ ವ್ಯತ್ಯಾಸವಿರುವುದು ಜಾಗದ ವಿಷಯದಲ್ಲಿ. ನಮ್ಮ ‘ಹೇಳಿಕೊಡು’ವಿನ ನಡುವೆ ಕರ್ಮಪದ ನುಗ್ಗುವುದಿಲ್ಲ, ಇಂಗ್ಲಿಷಿನಲ್ಲಿ ನುಗ್ಗಬಹುದು, ಕೆಲವೊಮ್ಮೆ ನುಗ್ಗಲೇಬೇಕು. ‘ಟರ್ನ್ ಆಫ್ ದ ಲೈಟ್’ ಎಂದರೂ ಸರಿ, ‘ಟರ್ನ್ ದ ಲೈಟ್ ಆಫ್’ ಎಂದರೂ ಸರಿ. ಆದರೆ ‘ಲೈಟ್’ ಬದಲಿಗೆ ‘ಇಟ್’ ಎಂಬ ಸರ್ವನಾಮ ಬಂದರೆ ‘ಟರ್ನ್ ಇಟ್ ಆಫ್’ ಎಂದೇ ಹೇಳಬೇಕು; ‘ಟರ್ನ್ ಆಫ್ ಇಟ್’ ತಪ್ಪು. ಈ ಸವಲತ್ತು ಎಲ್ಲ ಜೋಡಿಗಳಿಗೂ ಇಲ್ಲ: ‘ಲುಕ್ ಆಫ್ಟರ್ ಹಿಮ್’ ಎನ್ನಬೇಕೇ ಹೊರತು ‘ಲುಕ್ ಹಿಮ್ ಆಫ್ಟರ್’ ಎನ್ನುವಂತಿಲ್ಲ. ಯಾವುದು ಬಿಡಿಸಿಕೊಳ್ಳುತ್ತದೆ, ಯಾವುದು ಇಲ್ಲ ಎಂಬುದನ್ನು ಪಟ್ಟಿಯಿಂದ ಕಲಿಯುವುದಕ್ಕಿಂತ, ಪ್ರತಿ ಜೋಡಿಯನ್ನೂ ‘ಇಟ್’ ಅಥವಾ ‘ಹಿಮ್’ ಸಮೇತ ಒಂದು ಪುಟ್ಟ ವಾಕ್ಯವಾಗಿ ನೆನಪಿಡುವುದು ಮೇಲು, ಏಕೆಂದರೆ ನಾಮಪದವಿರುವ ವಾಕ್ಯ ಎರಡು ರೀತಿಗೂ ಒಪ್ಪಿಕೊಂಡು ನಿಯಮವನ್ನು ಮರೆಮಾಡುತ್ತದೆ.

ಬಳಕೆಯ ಸಂದರ್ಭವೂ ಮುಖ್ಯ. ‘ಪೋಸ್ಟ್‌ಪೋನ್’, ‘ಟಾಲರೇಟ್’ ತಪ್ಪಲ್ಲವಾದರೂ ಗೆಳೆಯರ ನಡುವಿನ ಮಾತಿನಲ್ಲಿ ‘ಪುಟ್ ಆಫ್’, ‘ಪುಟ್ ಅಪ್ ವಿತ್’ ಸಹಜವಾಗಿ ಕೇಳಿಸುತ್ತವೆ. ಇದರ ರುಚಿ ಹತ್ತಿದವರು ಬೇಡದ ಕಡೆಯೂ ‘ಅಪ್’ ಸೇರಿಸುವುದುಂಟು: ‘ಕೋಪ್ ಅಪ್ ವಿತ್’ ಎಂಬುದು ನಮ್ಮಲ್ಲಿ ಬಹಳ ಓಡುತ್ತದೆ, ಆದರೆ ಶಿಷ್ಟ ಬಳಕೆ ‘ಕೋಪ್ ವಿತ್’ ಮಾತ್ರ. ಪತ್ರದ ಕೊನೆಯಲ್ಲಿ ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ’ ಎಂದು ಬರೆಯುವುದೂ ಇದೇ ಬಗೆಯ ರೂಢಿ. ಇಲ್ಲಿನ ‘ಟು’ ಆ ಜೋಡಿಗೇ ಸೇರಿದ್ದರಿಂದ ಅದರ ಮುಂದೆ ನಾಮಪದವೋ ‘ಇಂಗ್’ ರೂಪವೋ ಬರಬೇಕು. ‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಎಂದು ಬರೆಯುವ ಕೈಯೇ ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯೂ’ ಎಂದೂ ಬರೆಯಬಹುದು.